ಆಚೆ ದಡದ ರೈಲು

ಅಕ್ಟೋಬರ್ 12, ಬೆಳಗ್ಗೆ 6.40

ಬಿ.ಪಿ. 126/82. ನಾಡಿ 74. ತೂಕ — ರೈಲಿನಲ್ಲಿ ತಕ್ಕಡಿ ಎಲ್ಲಿಂದ ತರಲಿ? ಖಾಲಿ ಬಿಟ್ಟೆ. ನೀರು ಮೂರು ಲೀಟರ್, ಉಪ್ಪು ಕಡಿಮೆ, ಎಲ್ಲಾ ಡಾಕ್ಟರು ಹೇಳಿದ ಹಾಗೇ.

ಪುಸ್ತಕದ ಮುಂದಿನ ಹಾಳೆಗಳು ಡಾಕ್ಟರಿಗೆ. ಉಲ್ಟಾ ತಿರುಗಿಸಿ ಹಿಂದಿನಿಂದ ಶುರು ಮಾಡಿದರೆ ನನಗೆ. ಆಸ್ಪತ್ರೆಯಲ್ಲಿ ಕೊಡುವ ಮೊದಲು ಇವನ್ನು ಹರಿದು ಬಿಸಾಡಬೇಕು. ಮರೆಯಬಾರದು.

ಹೊರಟು ಮೂರನೇ ದಿನ. ಇನ್ನೂ ನಾಲ್ಕಿದೆ. ಕಿಟಕಿಯಾಚೆ ಹುಲ್ಲು, ಹುಲ್ಲು, ಮತ್ತೆ ಹುಲ್ಲು. ನಿನ್ನೆ ಒಂದು ಕುದುರೆ ಕಂಡಿತು. ಬೋಗಿಯವರೆಲ್ಲ ಎದ್ದು ನಿಂತು ನೋಡಿದರು.

ಎದುರು ಬರ್ತಿನಲ್ಲಿ ರಿಟೈರಾದ ನರ್ಸಮ್ಮ. ಮಗಳ ಚೊಚ್ಚಲ ಹೆರಿಗೆಗೆ ಹೋಗುತ್ತಿದ್ದಾರೆ. ನಾನು ಲಿಫ್ಟ್ ರಿಪೇರಿಯವನು ಅಂದ ಗಳಿಗೆಯಿಂದ ನನ್ನನ್ನು ಲಿಫ್ಟಣ್ಣ ಅನ್ನುತ್ತಾರೆ. ಅರವತ್ತೈದರ ಹೆಂಗಸು, ನಲವತ್ತಾರರ ನನ್ನನ್ನು! ತೋಳಿಗೆ ಪಟ್ಟಿ ಸುತ್ತಿಕೊಂಡು ರಬ್ಬರ್ ಗುಂಡು ಒತ್ತುವುದನ್ನು ಕಂಡು ಮೊದಲ ದಿನವೇ ಕೇಳಿದರು. “ಏನ್ರೀ, ಬಿ.ಪಿ.ನಾ?”

“ಇಲ್ಲ. ಅಣ್ಣನಿಗೆ ಕಿಡ್ನಿ ಕೊಡೋಕೆ ಹೋಗ್ತಿದ್ದೀನಿ. ದಿನಾ ಬರ್ಕೊಂಡ್ ಬನ್ನಿ ಅಂದಿದ್ದಾರೆ.”

ಇಡೀ ಬೋಗಿ ಕೇಳಿಸಿಕೊಂಡಿತು. ಅಂದಿನಿಂದ ಎಲ್ಲರೂ ನನಗೆ ಕಿಟಕಿ ಬಿಟ್ಟುಕೊಡುತ್ತಾರೆ. ಅಟೆಂಡೆಂಟ್ ಕೇಳದೆಯೇ ಎರಡನೇ ಕಂಬಳಿ ತಂದಿಟ್ಟ. ದೇವರಂಥ ಮನುಷ್ಯ ಅಂತೆ ನಾನು. ಕೇಳಿ ಕೇಳಿ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಅದೇ ದಿನ, ಮಧ್ಯಾಹ್ನ 3

ಕೂತಲ್ಲಿ ಕೂರಲಾಗುತ್ತಿಲ್ಲ. ಬೋಗಿಯ ಈ ತುದಿಯಿಂದ ಆ ತುದಿಗೆ ನಲವತ್ತೊಂದು ಹೆಜ್ಜೆ. ಹೋಗಿ ಬಂದೆ, ಹೋಗಿ ಬಂದೆ. “ಬಾಲ ಸುಟ್ಟ ಬೆಕ್ಕಿನ ಹಾಗೆ ಆಡ್ಬೇಡಿ, ಕೂತ್ಕೊಳ್ಳಿ” ಅಂದರು ನರ್ಸಮ್ಮ.

ವಿಮಾನದಲ್ಲಿ ಬಾ ಅಂದಿದ್ದರು ಅತ್ತಿಗೆ. ನಾನೇ ರೈಲು ಅಂದೆ. ಯಾಕಪ್ಪಾ ಅಂದರೆ, ಕಿವಿ ನೋವು ಅಂದೆ. ನಿಜಕ್ಕೂ ಕಿವಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ. ಏಳು ದಿನ ಸಿಗುತ್ತೆ, ಯೋಚನೆ ಮಾಡಬಹುದು ಅಂತ. ಏನು ಯೋಚನೆ? ಎಲ್ಲಾ ತೀರ್ಮಾನ ಆಗಿದೆಯಲ್ಲ. 20ಕ್ಕೆ ಅಡ್ಮಿಷನ್, 23ಕ್ಕೆ ಆಪರೇಷನ್. ಅಣ್ಣನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಎರಡು ವರ್ಷದಿಂದ. ನನ್ನದು ಹೊಂದುತ್ತೆ ಅಂತ ಬೇಸಿಗೆಯಲ್ಲಿ ಅವನ ಮನೆಗೆ ಹೋಗಿದ್ದಾಗಲೇ ಗೊತ್ತಾಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಇದನ್ನು ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ? ರಕ್ತ ಕೊಡು ಅಂದರು, ಕೊಟ್ಟೆ. ಹೊಂದಿತು ಅಂದರು. ಅತ್ತಿಗೆ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು, ಆಮೇಲೆ ಕಣ್ಣೊರೆಸಿಕೊಂಡು ಊರಿಗೆಲ್ಲಾ ಫೋನ್ ಮಾಡಿದರು — ನಮ್ಮ ಮೈದುನ ಕೊಡ್ತಿದ್ದಾನೆ, ನಮ್ಮ ಮೈದುನ ಕೊಡ್ತಿದ್ದಾನೆ. ಅಣ್ಣ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದ. ಕೊಡ್ತೀಯೇನೋ ಅಂತ ಒಂದು ಮಾತು? ಒಂದೇ ಒಂದು? ಉಹೂಂ.

ಅವನು ಯಾವತ್ತು ಕೇಳಿದ್ದಾನೆ? ನನ್ನ ತಲೆಗೂದಲು ಎಷ್ಟು ಕತ್ತರಿಸಬೇಕು ಅಂತ ಕ್ಷೌರದವನಿಗೆ ಹೇಳುತ್ತಿದ್ದವನು ಅವನು. ಹೋಟೆಲಿನಲ್ಲಿ ಇಬ್ಬರಿಗೂ ಸೇರಿಸಿ ಅವನೇ ಹೇಳುತ್ತಿದ್ದ. ಲಿಫ್ಟ್ ಕಂಪನಿಗೆ ಅರ್ಜಿ ಹಾಕಿದ್ದು ಅವನು, ಸಹಿ ಮಾತ್ರ ನನ್ನದು. ಹೆಣ್ಣು ನೋಡಿ ಬಂದವನೂ ಅವನೇ. ಯಾವುದೂ ಕೆಟ್ಟದ್ದಾಗಲಿಲ್ಲ, ಅದೇ ತೊಂದರೆ. ಜಗಳ ಆಡೋಣ ಅಂದರೆ ಕಾರಣ ಸಿಗುವುದಿಲ್ಲ.

ಹೆಂಡತಿ ಒಬ್ಬಳೇ ‘ನಿಮ್ಮಿಷ್ಟ’ ಅಂದದ್ದು. ಅವಳ ಮೇಲೆ ರೇಗಿಬಿಟ್ಟೆ, ಪಾಪ.

ಅಕ್ಟೋಬರ್ 13, ಸಂಜೆ 5.15

122/80.

ಮೂರು ಗಂಟೆಗೆ ಒಂದು ಹಳ್ಳಿಯಲ್ಲಿ ನಿಂತೆವು. ಇಪ್ಪತ್ತು ನಿಮಿಷದ ಸ್ಟಾಪು, ಇಂಜಿನ್ನಿಗೆ ನೀರು ತುಂಬಿಸಲು. ಇಳಿದರೆ ಎದುರಿಗೇ ಸರೋವರ! ನೀರು ಅಂದರೆ ಎಷ್ಟು ನೀರು... ಆಚೆ ದಡವೇ ಕಾಣುವುದಿಲ್ಲ. ಮೂರು ದಿನ ಹುಲ್ಲು ನೋಡಿದ ಕಣ್ಣಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹಳಿ ದಡದ ಅಂಚಿನಲ್ಲೇ ಓಡುತ್ತದೆ, ಒಂದು ಕಲ್ಲೆಸೆದರೆ ನೀರಿಗೆ ಬೀಳುತ್ತೆ. ಪ್ಲಾಟ್‌ಫಾರ್ಮಿನಲ್ಲಿ ನಾಲ್ಕೈದು ಹೆಂಗಸರು ಬುಟ್ಟಿ ಇಟ್ಟುಕೊಂಡು ಉಪ್ಪು ಹಚ್ಚಿ ಹೊಗೆಯಲ್ಲಿ ಒಣಗಿಸಿದ ಮೀನು ಮಾರುತ್ತಿದ್ದರು. ನನಗೆ ಉಪ್ಪು ಕೂಡದು. ಮೂಗು ತಿರುಗಿಸಿಕೊಂಡು ದಾಟಿದೆ.

ಇಪ್ಪತ್ತು ನಿಮಿಷ ನಲವತ್ತಾಯಿತು. ಗಂಟೆಯಾಯಿತು. ಈಗ ಎರಡು ಗಂಟೆ ಮೀರಿತು. ಇಂಜಿನ್ನು ಸುಮ್ಮನಿದೆ. ಹೋಗಿ ಕೇಳಿ ಬಂದೆ. ಸ್ಟೇಷನ್ ಮಾಸ್ತರು ಚಪ್ಪಲಿ ಕಳಚಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಫೋನಿಗೆ ಕಿವಿ ಕೊಟ್ಟು ಕೂತಿದ್ದರು. ಕೈಯಾಡಿಸಿ ಹೊರಗೆ ಕಳಿಸಿದರು.

ಅಕ್ಟೋಬರ್ 14, ಬೆಳಗ್ಗೆ 9

ಮುಂದೆ ಹನ್ನೊಂದು ಕಿಲೋಮೀಟರಿನಲ್ಲಿ ಗುಡ್ಡ ಕುಸಿದಿದೆ. ಹಳಿಯೇ ನೀರಿಗೆ ಜಾರಿದೆಯಂತೆ. ಮಾಸ್ತರು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ‘ಕನಿಷ್ಠ ಎಂಟು ದಿನ’ ಅಂತ ಬರೆದರು. ಜನ ಮುಗಿಬಿದ್ದರು. ಕೂಗಾಟ. ಒಬ್ಬ ಅವರ ಕಾಲರ್ ಹಿಡಿಯಲು ಹೋದ.

ನಾನು ಹಿಂದೆ ನಿಂತು ಲೆಕ್ಕ ಹಾಕಿದೆ. ಇಲ್ಲಿಂದ ಮೂರು ದಿನದ ದಾರಿ. 17ರೊಳಗೆ ಹೊರಡದಿದ್ದರೆ 20ಕ್ಕೆ ಮುಟ್ಟುವುದಿಲ್ಲ. ಎಂಟು ದಿನ ಅಂದರೆ 22. ತಪ್ಪಿತು.

ಸಂತೋಷವಾಯಿತು. ಬರೆದೇ ಬಿಡುತ್ತೇನೆ. ಹೊಟ್ಟೆಯೊಳಗಿನಿಂದ ಉಕ್ಕಿ ಬಂತು, ಮಳೆಗೆ ಶಾಲೆಗೆ ರಜಾ ಕೊಟ್ಟ ಹಾಗೆ. ಮುಖ ಮಾತ್ರ ಸೊಟ್ಟ ಮಾಡಿಕೊಂಡೆ. ನರ್ಸಮ್ಮ ಬೆನ್ನು ತಟ್ಟಿ “ಏನಾದ್ರೂ ದಾರಿ ಇರುತ್ತೆ, ಎದೆಗುಂದಬೇಡಿ” ಅಂದರು. ಅವರ ಮಗಳಿಗೆ ದಿನ ಕೊಟ್ಟಿರುವುದು ಹದಿನೆಂಟಕ್ಕೆ. ಅವರೇ ಕಂಗಾಲಾಗಿದ್ದಾರೆ, ನನ್ನ ಬೆನ್ನು ತಟ್ಟುತ್ತಾರೆ.

ರೈಲನ್ನು ಪಕ್ಕದ ಹಳಿಗೆ ಎಳೆದು ನಿಲ್ಲಿಸಿದ್ದಾರೆ. ಮಲಗುವುದು ಅಲ್ಲೇ. ಅತ್ತಿಗೆಗೆ ತಂತಿ ಕೊಟ್ಟೆ: ಗುಡ್ಡ ಕುಸಿದಿದೆ, ತಡವಾಗುತ್ತೆ.

ಮಧ್ಯಾಹ್ನ

ಹಳ್ಳಿ ಸುತ್ತಿ ಬಂದೆ. ಸುತ್ತುವುದಕ್ಕೆ ಹತ್ತು ನಿಮಿಷ ಸಾಕು. ಒಂದೇ ಬೀದಿ. ಒಂದು ಕಡೆ ಹಳಿ, ಇನ್ನೊಂದು ಕಡೆ ಗುಡ್ಡ. ಮೊಳೆ, ಬಿಸ್ಕತ್ತು, ಸೀಮೆಎಣ್ಣೆ ಮೂರನ್ನೂ ಮಾರುವ ಅಂಗಡಿ ಒಂದು. ಬಿಸ್ಕತ್ತಿಗೆ ಸೀಮೆಎಣ್ಣೆಯ ವಾಸನೆ. ಮರದ ಹಲಗೆಯ ದೋಣಿಗಟ್ಟೆ, ಅದರ ತುದಿಯಲ್ಲಿ ಒಂದು ಅಗಲ ತಳದ ಮೋಟಾರು ದೋಣಿ. ಮತ್ತೆ ಸುತ್ತಿದೆ. ಮತ್ತೆ. ರಜಾ ಸಿಕ್ಕವನಿಗೆ ಇಷ್ಟು ಚಡಪಡಿಕೆ ಯಾಕೆ?

ಅಕ್ಟೋಬರ್ 15, ಬೆಳಗ್ಗೆ 7

124/80. ಛೆ.

ಸುದ್ದಿ: ದೋಣಿಯಲ್ಲಿ ಸರೋವರ ದಾಟಬಹುದಂತೆ. ನಾಲ್ಕು ಗಂಟೆ. ಆಚೆ ದಡದಲ್ಲೂ ಸ್ಟೇಷನ್ ಇದೆ, ದಿನಾ ಸಂಜೆ ಆರೂವರೆಗೆ ಮುಂದಕ್ಕೆ ರೈಲು. ಅಂಬಿಗ ನಾಳೆ ಒಂದು ಸಲ, ನಾಡಿದ್ದು ಒಂದು ಸಲ ಹೋಗುತ್ತಾನೆ. ಆಮೇಲೆ ಗಾಳಿಯ ಕಾಲ, ದೋಣಿಯನ್ನು ದಡಕ್ಕೆಳೆದು ನಿಲ್ಲಿಸಿಬಿಡುತ್ತಾನೆ. ನರ್ಸಮ್ಮ ಹಿಗ್ಗಿ ಹೀರೇಕಾಯಿಯಾಗಿ ಓಡಿ ಬಂದರು. “ಲಿಫ್ಟಣ್ಣ, ಹೆಸರು ಕೊಟ್ಬಿಟ್ಟೆ, ನಿಮ್ಮದೂ ಸೇರಿಸಿ!”

ನೋಡಿ. ಇಲ್ಲೂ ಯಾರೂ ಕೇಳಲಿಲ್ಲ.

ಬೆಳಗ್ಗೆ 11

ಯೋಚಿಸುತ್ತಿದ್ದೇನೆ. ಬಿ.ಪಿ. ಜಾಸ್ತಿ ಇದ್ದವರದ್ದು ತಗೊಳ್ಳುವುದಿಲ್ಲ. ಸ್ಪಷ್ಟವಾಗಿ ಹೇಳಿದ್ದಾರೆ. ಮುಂದಿನ ಹಾಳೆಗಳಲ್ಲಿ 150 ಅಂತ ನಾಲ್ಕು ದಿನ ಬರೆದರೆ ಮುಗಿಯಿತು. ಯಾರ ತಪ್ಪೂ ಅಲ್ಲ. ಅಣ್ಣ ಕೂಡ ‘ಪಾಪ, ಅವನೇನು ಮಾಡ್ತಾನೆ’ ಅನ್ನುತ್ತಾನೆ.

ಪೆನ್ನು ಹಿಡಿದು ಕೂತೆ. ಬರೆಯಲಾಗಲಿಲ್ಲ. ಒಳ್ಳೆತನ ಏನಲ್ಲ, ಕಸುಬಿನ ಚಟ. ಲಿಫ್ಟಿನ ಮಿಷಿನ್ ರೂಮಿನಲ್ಲಿ ಒಂದು ಕಾರ್ಡು ನೇತಾಡುತ್ತಿರುತ್ತದೆ. ಬ್ರೇಕ್ ನೋಡಿದೆ, ಹಗ್ಗ ನೋಡಿದೆ, ಸಹಿ. ನೋಡದೆ ಸಹಿ ಹಾಕಿದ ನಮ್ಮ ಜೊತೆಯವನೊಬ್ಬನ ಲಿಫ್ಟು ಎರಡು ಮಹಡಿ ಕೆಳಗೆ ಬಿತ್ತು, ಒಳಗಿದ್ದ ಹೆಂಗಸಿನ ಕಾಲು ಮುರಿಯಿತು. ಅಂದಿನಿಂದ ಕಣ್ಣಾರೆ ನೋಡದ ಅಂಕಿ ಬರೆಯಲು ನನ್ನ ಕೈ ಏಳುವುದಿಲ್ಲ.

ಆದರೆ ಅಂಕಿಯೇ ನಿಜವಾಗಿ ಏರಿದರೆ?

ಸಂಜೆ 4.30

148/94! ಮುಂದಿನ ಹಾಳೆಯಲ್ಲಿ ಬರೆದೆ. ಅಪ್ಪಟ ನಿಜ.

ಮಾಡಿದ್ದು ಇಷ್ಟು: ನಾಲ್ಕು ಉಪ್ಪುಮೀನು ತಿಂದೆ, ಮುಳ್ಳೂ ಬಿಡದೆ ಚೀಪಿದೆ. ಹಳಿ ದಾಟುವ ಮೇಲ್ಸೇತುವೆ ಆರು ಸಲ ಹತ್ತಿ ಇಳಿದೆ. ಓಡಿ ಬಂದು ಏದುಸಿರು ಇಳಿಯುವ ಮೊದಲೇ ಪಟ್ಟಿ ಸುತ್ತಿಕೊಂಡೆ. ಮೀಟರಿನ ಮುಳ್ಳು ಏರಿ ನಿಂತದ್ದನ್ನು ನೋಡಿ ಖುಷಿಪಟ್ಟವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

ತಲೆ ಎತ್ತಿದರೆ ನರ್ಸಮ್ಮ. ಕೈ ಕಟ್ಟಿ ನಿಂತಿದ್ದಾರೆ.

“ಎಷ್ಟು ಬಂತು?”

ಹೇಳಿದೆ.

“ಎಷ್ಟು ಮೀನು ತಿಂದ್ರಿ?”

“...ನಾಲ್ಕು.”

“ಸೇತುವೆ?”

“ಆರು ಸಲ.”

“ಏಳು. ನಾನು ಕಿಟಕೀಲಿ ಕೂತು ಎಣಿಸ್ತಿದ್ದೆ.” ಪಕ್ಕದಲ್ಲೇ ಕೂತರು. ಬೈಯುತ್ತಾರೆ ಅಂದುಕೊಂಡೆ. ನಕ್ಕರು. “ನಲವತ್ತು ವರ್ಷ ವಾರ್ಡಲ್ಲಿ ಸವೆಸಿದೀನಿ ಕಣ್ರೀ. ಜ್ವರ ತೋರಿಸ್ಲಿ ಅಂತ ಥರ್ಮಾಮೀಟರ್ ಟೀ ಲೋಟಕ್ಕೆ ಅದ್ದೋರನ್ನ ನೋಡಿದೀನಿ. ಮೀನು ತಿನ್ನೋರನ್ನ ನೋಡಿದ್ದು ಇವತ್ತೇ.”

ನಾನು ತಲೆ ತಗ್ಗಿಸಿದೆ.

“ಅಲ್ಲಿ ಸೇರಿಸ್ಕೊಂಡ ಮೇಲೆ ಮೂರು ದಿನ ಅವ್ರೇ ನೋಡ್ತಾರೆ. ನಿಮ್ಮ ಪುಸ್ತಕಾನ ಯಾರು ನಂಬ್ತಾರೆ? ನಿಮಗೆ ಬೇಡ ಅನ್ಸಿದ್ರೆ ಡಾಕ್ಟರ ಕಿವೀಲಿ ಒಂದು ಮಾತು ಹೇಳಿ ಸಾಕು. ‘ಹೊಂದ್ತಿಲ್ಲ’ ಅಂತ ಅವ್ರೇ ಬರ್ಕೊಟ್ಟು ಕಳಿಸ್ತಾರೆ, ಮನೆಯವ್ರಿಗೆ ಒಂದಿಷ್ಟೂ ಗೊತ್ತಾಗಲ್ಲ. ಎಷ್ಟು ಜನಕ್ಕೆ ಹಾಗೆ ಮಾಡಿದೀವಿ. ಅದರಲ್ಲೇನೂ ನಾಚಿಕೆ ಇಲ್ಲ.”

“ಬೇಡ ಅಂತಲ್ಲ...” ಅಂದೆ.

“ಮತ್ತೆ ಬೇಕಾ?”

ಯಾರೋ ಕೇಳೇ ಕೇಳಿದರು ನೋಡಿ, ಕೊನೆಗೂ. ಬಾಯಿಗೆ ಬೀಗ.

ನನ್ನ ಭಯ ಏನು ಅಂತ ಅವರಿಗೆ ಹೇಳಿದೆ. ಸಾಯುತ್ತೇನೆ ಅಂತಲ್ಲ. ನಾವು ಯಾವ ಲಿಫ್ಟನ್ನೂ ಒಂದೇ ಹಗ್ಗಕ್ಕೆ ನೇತುಹಾಕುವುದಿಲ್ಲ. ಒಂದೇ ಸಾಕು, ಪೂರ್ತಿ ಭಾರ ತಡೆಯುತ್ತೆ. ಆದರೂ ಕಡಿಮೆ ಅಂದರೆ ಮೂರು ಹಾಕುತ್ತೇವೆ. ಡಾಕ್ಟರ್ ಹತ್ತಿರ ಇದನ್ನೇ ಅಂದಾಗ ‘ನಿಮ್ಮಲ್ಲಿ ಎರಡಿದೆ, ಒಂದು ಎಕ್ಸ್‌ಟ್ರಾ’ ಅಂದುಬಿಟ್ಟರು. ಎಕ್ಸ್‌ಟ್ರಾ! ಜೀವಮಾನವಿಡೀ ಒಂದೇ ಹಗ್ಗದ ಮೇಲೆ ಓಡಾಡಬೇಕಲ್ಲ ನಾನು. ನಾಳೆ ಲಿಫ್ಟ್ ಓಡುವ ಆ ಬಾವಿಯಂಥ ಕತ್ತಲಲ್ಲಿ ಹತ್ತು ಮಹಡಿ ಏಣಿ ಹತ್ತುವಾಗ ಕೈಕಾಲು ಆಡೀತೇ?

ಅವರು ಹೂಂಗುಟ್ಟಿದರು, ಸಮಾಧಾನ ಹೇಳಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವರು.

ಅಕ್ಟೋಬರ್ 16, ಬೆಳಗ್ಗೆ 10.30

ದೋಣಿ ಹೋಯಿತು. ನಾನು ಹೋಗಲಿಲ್ಲ.

ಆದದ್ದು ಹೀಗೆ. ಎಂಟೂವರೆಗೆ ಹೆಸರು ಕೊಟ್ಟವರೆಲ್ಲ ದೋಣಿಗಟ್ಟೆಯಲ್ಲಿ; ಮಿಕ್ಕವರು ನೀರಿಗೆ ಹೆದರಿ ರೈಲಿನಲ್ಲೇ ಉಳಿದಿದ್ದರು. ಆ ಅಂಬಿಗನದ್ದು ಒಂದು ಪದ್ಧತಿ — ಹನ್ನೆರಡು ಜನ ಇಲ್ಲದೆ ಹೊರಡುವುದಿಲ್ಲ, ಹದಿಮೂರನೆಯವನನ್ನು ಹತ್ತಿಸುವುದಿಲ್ಲ. ದೋಣಿ ಹಗುರವಿದ್ದರೆ ಅಲೆ ಎತ್ತಿ ಕುಕ್ಕುತ್ತದಂತೆ, ಹಿಂದಿನ ಫ್ಯಾನು ನೀರಿನಿಂದ ಮೇಲೆ ಬರುತ್ತದಂತೆ. ಒಬ್ಬೊಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿ ತೂಕ ಅಂದಾಜು ಮಾಡಿ, ನೀನಿಲ್ಲಿ, ನೀವಲ್ಲಿ ಅಂತ ಕೂರಿಸಿದ. ಹನ್ನೊಂದು ಜನ ಕೂತರು. ಎಡಗಡೆ ನರ್ಸಮ್ಮನ ಪಕ್ಕ ಒಂದು ಜಾಗ ಉಳಿಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಬಿ.ಪಿ. ಜಾಸ್ತಿ ಇದೆ” ಅಂದೆ. “ನೀರಿನ ಮೇಲೆ ಬೇಡ ಅನ್ಸುತ್ತೆ.”

ನರ್ಸಮ್ಮ ನನ್ನ ಕೈಲಿದ್ದ ಪುಸ್ತಕದ ರಟ್ಟನ್ನು ಒಮ್ಮೆ ದಿಟ್ಟಿಸಿದರು.

ಅಂಬಿಗ ಕೇಳಿದ, “ಎಷ್ಟು ತೂಕ ನೀವು?”

“ಎಪ್ಪತ್ತು.”

ಹಳಿಯ ಪಕ್ಕ ಜಲ್ಲಿಕಲ್ಲು ತುಂಬಿಟ್ಟ ಮೂಟೆಗಳಿದ್ದವು. ಎರಡನ್ನು ಎತ್ತಿ ತಂದು ನನ್ನ ಜಾಗದಲ್ಲಿ ಕೂರಿಸಿದ. ಕೂರಿಸಿ, ಬೀಳದ ಹಾಗೆ ಹಗ್ಗ ಸುತ್ತಿದ. ಹೊರಟೇಬಿಟ್ಟರು. ದೋಣಿ ಚುಕ್ಕೆಯಾಗುವವರೆಗೂ ನೋಡಿದೆ. ನರ್ಸಮ್ಮನ ಮಗ್ಗುಲಲ್ಲಿ ಎರಡು ಮೂಟೆ ಮರ್ಯಾದೆಯಿಂದ ಕೂತಿದ್ದವು.

ನಾಚಿಕೆಯಾಯಿತು. ಇಷ್ಟು ನಾಚಿಕೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಮಧ್ಯಾಹ್ನ 2

ಬೋಗಿಯಲ್ಲಿ ಈಗ ಯಾರೂ ನನಗೆ ಟೀ ತಂದುಕೊಡುವುದಿಲ್ಲ. ಅಟೆಂಡೆಂಟ್ ಬಂದು ಎರಡನೇ ಕಂಬಳಿ ತೆಗೆದುಕೊಂಡು ಹೋದ. “ಬೇರೆಯವ್ರಿಗೆ ಬೇಕಂತೆ” ಅಂದ.

ಮಲಗಿದರೆ ಎದ್ದು ಕೂರೋಣ ಅನ್ನಿಸುತ್ತೆ, ಕೂತರೆ ಓಡೋಣ ಅನ್ನಿಸುತ್ತೆ. ಎಲ್ಲಿಗೆ? ಹಿಂದಕ್ಕೂ ರೈಲಿಲ್ಲ.

ಸಂಜೆ 7

ಕೈಗೆ ಎಣ್ಣೆ ಮೆತ್ತಿದೆ, ಹಾಳೆ ಕೊಳೆಯಾಗುತ್ತಿದೆ. ಪರವಾಗಿಲ್ಲ.

ಅಂಬಿಗ ಐದಕ್ಕೆ ವಾಪಸ್ ಬಂದ. ದೋಣಿಯನ್ನು ದಡಕ್ಕೆಳೆಯಲು ಒಂದು ಕೈರಾಟೆ ಇಟ್ಟುಕೊಂಡಿದ್ದಾನೆ. ಸುತ್ತುತ್ತಿದ್ದರೆ ಹಗ್ಗ ನಾಲ್ಕು ಮೊಳ ಮುಂದೆ ಬಂದು ಮೂರು ಮೊಳ ಹಿಂದೆ ಜಾರುತ್ತಿತ್ತು. ನೋಡುತ್ತಾ ನಿಲ್ಲಲು ನನ್ನಿಂದ ಆಗಲಿಲ್ಲ. ಹಲ್ಲುಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆಯ ಮೂತಿ ಸವೆದು ನುಣ್ಣಗಾಗಿತ್ತು. ಬ್ಯಾಗಿನಲ್ಲಿ ಕಬ್ಬಿಣ ಉಜ್ಜುವ ಅರ ಇತ್ತು. (ಆಪರೇಷನ್ನಿಗೆ ಹೋಗೋರಿಗೆ ಅರ ಯಾಕ್ರೀ ಅಂತ ಹೆಂಡತಿ ಬೈದಿದ್ದಳು.) ಒಂದು ಗಂಟೆ ಉಜ್ಜಿದೆ, ಮೂತಿ ತಿದ್ದಿದೆ, ಗ್ರೀಸು ಹಚ್ಚಿದೆ. ಆಮೇಲೆ ಟಕ್ ಟಕ್ ಟಕ್ ಅಂತ ಕಚ್ಚಿಕೊಂಡು ದೋಣಿ ಮೇಲೆ ಬಂತು. ನಾಲ್ಕು ದಿನದಲ್ಲಿ ಆ ಒಂದು ಗಂಟೆ ಮಾತ್ರ ನಾನು ಮನುಷ್ಯನ ಹಾಗಿದ್ದೆ.

ಅಂಬಿಗ ಹೆಚ್ಚು ಮಾತಿನವನಲ್ಲ. ಬೀಡಿ ಹಚ್ಚಿಕೊಂಡು ರಾಟೆಯನ್ನೇ ನೋಡುತ್ತಿದ್ದ.

“ನನ್ನ ಜಾಗದಲ್ಲಿ ಮೂಟೆ ಹೇಗಿತ್ತು?” ನಾನೇ ಕೇಳಿದೆ. ಮನಸ್ಸು ತಡೆಯಲಿಲ್ಲ.

“ಚೆನ್ನಾಗಿತ್ತು. ಮೂಟೆ ವಾಂತಿ ಮಾಡಲ್ಲ.” ಬೀಡಿಯ ಬೂದಿ ಕೊಡವಿ, “ನಾಳೆ ಹನ್ನೊಂದಕ್ಕೆ ಹೊರಡ್ತೀನಿ. ಅದೇ ಕೊನೆ. ಬರೋದು ಬಿಡೋದು ನಿಮಗೆ ಬಿಟ್ಟಿದ್ದು.”

ಅಕ್ಟೋಬರ್ 17, ಬೆಳಗ್ಗೆ 9.20

ಮರೆಯುವ ಮೊದಲು ಬರೆದಿಡಬೇಕು, ಆಡಿದ ಹಾಗೇ.

ಎಂಟೂವರೆಗೆ ಮಾಸ್ತರು ಬರಿಗಾಲಲ್ಲಿ ಓಡಿ ಬಂದರು, ನಿಮಗೆ ಫೋನು. ಎತ್ತಿದರೆ ಅತ್ತಿಗೆ. “ಏನಪ್ಪಾ, ಹುಷಾರಾ? ಒಂದ್ನಿಮಿಷ ಇರು, ನಿಮ್ಮಣ್ಣ ಮಾತಾಡ್ಬೇಕಂತೆ.” ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದೆ, ಬರಲಿಲ್ಲ.

“ಏನೋ.” ಅಣ್ಣನ ದನಿ. ಎಷ್ಟು ತೆಳ್ಳಗಾಗಿದೆ.

“ಅಣ್ಣಾ.”

“ಮೀನು ತಿಂದ್ಯಂತೆ.”

ನರ್ಸಮ್ಮ! ಪುಸ್ತಕದ ರಟ್ಟಿನ ಮೇಲೆ ಆಸ್ಪತ್ರೆಯವರು ಅಣ್ಣನ ಮನೆಯ ನಂಬರ್ ಬರೆದಿದ್ದಾರೆ, ಅದನ್ನು ಓದಿಕೊಂಡು ಆಚೆ ದಡದಿಂದ ಫೋನ್ ಮಾಡಿ ಒಂದೂ ಬಿಡದೆ ಹೇಳಿದ್ದಾರೆ. ಸೇತುವೆ ಏಳು ಸಲ ಅನ್ನುವುದನ್ನೂ.

“ಹ್ಞೂಂ” ಅಂದೆ.

“ಚೆನ್ನಾಗಿತ್ತಾ?”

“ಉಪ್ಪು ಜಾಸ್ತಿ.”

“ನಾನು ಉಪ್ಪು ತಿಂದು ಎರಡು ವರ್ಷ ಆಯ್ತು ಕಣೋ. ನೀನಾದ್ರೂ ತಿಂದ್ಯಲ್ಲ.”

ತಂತಿಯಲ್ಲಿ ಗಾಳಿಯ ಸದ್ದು. ಮಾಸ್ತರು ಬೇರೆ ಕಡೆ ನೋಡುತ್ತಾ ಕೂತಿದ್ದರು, ಕಿವಿ ಮಾತ್ರ ಈ ಕಡೆ. ಇರಲಿ ಅಂತ ಅಂದೇಬಿಟ್ಟೆ.

“ನೀನು ನನ್ನ ಕೇಳ್ಲೇ ಇಲ್ಲ.”

“ಕೇಳಿದ್ರೆ ಏನಂತಿದ್ದೆ?”

“...ಹ್ಞೂಂ ಅಂತಿದ್ದೆ.”

“ಅದಕ್ಕೇ ಕೇಳ್ಲಿಲ್ಲ.” ಉಸಿರು ತಗೊಂಡ. ಎರಡು ಮಾತಿಗೊಮ್ಮೆ ನಿಲ್ಲಿಸುತ್ತಾನೆ. “ಚಿಕ್ಕಂದಿನಿಂದ ನಾನು ಅಂದಿದ್ದಕ್ಕೆಲ್ಲ ಹ್ಞೂಂ ಅಂದಿದೀಯ. ಇದಕ್ಕೂ ಹಂಗೇ ತಲೆ ಆಡಿಸ್ಬಿಡ್ತೀಯ ಅಂತ ಭಯ ಆಯ್ತು. ಕೇಳದೆ ಇದ್ರೆ ನಿಂಗೆ ಬರದೇ ಇರೋಕೆ ಒಂದು ದಾರಿ ಇರುತ್ತೆ. ರೈಲಲ್ಲಿ ಬರ್ತೀನಿ ಅಂದ್ಯಲ್ಲ, ಆವತ್ತೇ ಗೊತ್ತಾಯ್ತು, ದಾರಿ ಹುಡುಕ್ತಿದಾನೆ ಅಂತ. ಹುಡುಕ್ಲಿ ಬಿಡು ಅಂದ್ಕೊಂಡೆ.”

“ಮತ್ತೆ ಅತ್ತಿಗೆ ಊರಿಗೆಲ್ಲಾ ಹೇಳಿ—”

“ಅವಳ ಬಾಯಿಗೆ ಕೈ ಅಡ್ಡ ಇಡೋಕೆ ನನ್ನಿಂದಾಗುತ್ತಾ? ನಿನ್ನಿಂದಾಗುತ್ತಾ?” ಹಿಂದಿನಿಂದ ಅತ್ತಿಗೆ ಏನೋ ಅಂದರು. ಅವನು ನಕ್ಕ, ನಗು ಕೆಮ್ಮಾಯಿತು. ಆಮೇಲೆ ದನಿ ಬೇರೆಯಾಯಿತು.

“ನೋಡೋ. ನಂಗೆ ಬದುಕ್ಬೇಕು ಅಂತ ಆಸೆ ಇದೆ. ದೊಡ್ಡಸ್ತಿಕೆ ಮಾತು ಬೇಡ, ತುಂಬಾ ಆಸೆ ಇದೆ. ನೀನು ಬರದೇ ಹೋದ್ರೂ ನನ್ನ ತಮ್ಮನೇ. ಹ್ಞೂಂ ಅನ್ನೋಕೆ ಮುಂಚೆ ಒಂದ್ಸಲ ಇಲ್ಲ ಅಂತ ಬಾಯಿಬಿಟ್ಟು ಅಂದು ನೋಡು. ಅಂದು ನೋಡಿ ಆಮೇಲೆ ಹೇಳು. ಈಗ ಕೇಳ್ತಿದೀನಿ. ಕೊಡ್ತೀಯೇನೋ?”

ಬಾಯಿ ತೆರೆದೆ. ಲೈನು ಕಟ್ಟಾಯಿತು.

ಮಾಸ್ತರು ಕುಟ್ಟಿದರು, ಊದಿದರು, ಹಲೋ ಹಲೋ ಅಂದರು. ಹೋಯಿತು. “ಗಾಳಿಗೆ ಕಂಬ ಬಿದ್ದಿರ್ಬೇಕು. ಇನ್ನು ಇವತ್ತು ಆಸೆ ಬಿಡಿ. ಬೇಕಾದ್ರೆ ಆಚೆ ದಡದಲ್ಲಿ ಎಕ್ಸ್‌ಚೇಂಜ್ ಇದೆ” ಅಂದರು.

10.15

ಹಳಿಯ ಮೇಲೆ ಒಬ್ಬನೇ ನಡೆದು ಹೋದೆ, ಯಾರೂ ಕಾಣದಷ್ಟು ದೂರ. ‘ಇಲ್ಲ’ ಅಂದೆ. ಮೊದಲ ಸಲ ದನಿ ಬರಲಿಲ್ಲ. ಕೆಮ್ಮಿ ಮತ್ತೆ ಅಂದೆ. ಜೋರಾಗಿ ಅಂದೆ. ‘ಇಲ್ಲ ಅಣ್ಣಾ, ಕೊಡಲ್ಲ. ನನಗೆ ಹೆದರಿಕೆ.’ ಏನೂ ಆಗಲಿಲ್ಲ. ಒಂದು ಹಕ್ಕಿ ಎದ್ದು ಹೋಯಿತು, ಅಷ್ಟೇ. ನಲವತ್ತಾರು ವರ್ಷ ಗಂಟಲಲ್ಲಿ ಇಟ್ಟುಕೊಂಡು ತಿರುಗಿದ ಮಾತು, ಅಂದರೆ ಇಷ್ಟೇನಾ ಅನ್ನಿಸಿತು.

ಕಲ್ಲಿನ ಮೇಲೆ ಕೂತು ಅತ್ತೆ. ಕಾರಣ ಗೊತ್ತಿಲ್ಲ, ಹುಡುಕಲೂ ಇಲ್ಲ. ಗಾಳಿ ಜೋರಾಗುತ್ತಿದೆ. ದೋಣಿ ಹನ್ನೊಂದಕ್ಕೆ.

ಸಂಜೆ 4.50, ಟೆಲಿಫೋನ್ ಎಕ್ಸ್‌ಚೇಂಜ್

ಬಟ್ಟೆಯಿನ್ನೂ ಒದ್ದೆ. ಪುಸ್ತಕದ ಅಂಚೂ ನೆನೆದಿದೆ, ಮುಂದಿನ ಹಾಳೆಗಳ ಅಂಕಿಗಳು ಕಲೆಸಿಹೋಗಿವೆ. ಡಾಕ್ಟರು ಏನು ಬೇಕಾದರೂ ಅನ್ನಲಿ.

ದಾಟಲು ಐದು ಗಂಟೆ ಹಿಡಿಯಿತು. ನಡುನೀರಿನಲ್ಲಿ ಅಲೆ ದೋಣಿಯನ್ನು ಎತ್ತಿ ಎತ್ತಿ ಕುಕ್ಕಿತು. ಎರಡು ಸಲ ವಾಂತಿ ಮಾಡಿದೆ. ಅಂಬಿಗ ತಿರುಗಿ ನೋಡಿ ಏನೂ ಅನ್ನಲಿಲ್ಲ, ಕುಡಿಯಲು ನೀರು ಕೊಟ್ಟ. ಹೆದರಿಕೆ ಹೋಗಿದೆಯೇ? ಎಲ್ಲಿ ಹೋಗುತ್ತೆ. ಆಪರೇಷನ್ ಟೇಬಲಿನವರೆಗೂ ಇರುತ್ತೆ, ಆಮೇಲೂ ಇರಬಹುದು. ಇದ್ದುಕೊಳ್ಳಲಿ.

ಇಲ್ಲಿ ಕೌಂಟರಿನಲ್ಲಿ ಕನ್ನಡಕದ ಹೆಂಗಸು. ನಂಬರ್ ಬರೆದುಕೊಂಡು “ಅರ್ಜೆಂಟೋ, ಆರ್ಡಿನರಿಯೋ?” ಅಂದರು. ಆರ್ಡಿನರಿ ಆದರೆ ಎರಡು ಗಂಟೆ, ರೈಲು ಆರೂವರೆಗೆ.

“ಅರ್ಜೆಂಟ್” ಅಂದೆ. ಎರಡು ಸಲ ಅಂದೆ.

ಮೂರು ಬೂತು, ಒಂದು ಬೆಂಚು. ಬೆಂಚಿನಲ್ಲಿ ನನ್ನ ಜೊತೆ ಒಬ್ಬ ಪೊಲೀಸಿನವನು, ಮಗು ಎತ್ತಿಕೊಂಡ ಒಬ್ಬಾಕೆ. ಮಗು ನನ್ನ ಒದ್ದೆ ತೋಳನ್ನು ಮುಟ್ಟಿ ಮುಟ್ಟಿ ನೋಡುತ್ತಿದೆ. ಅರ್ಧ ಗಂಟೆಯಾಯಿತು. ಎದ್ದು ಹೋಗಿ ಕೇಳಿದರೆ “ಟ್ರೈ ಮಾಡ್ತಿದೀನಲ್ರೀ” ಅಂತ ಗದರಿದರು. ಮತ್ತೆ ಕೂತೆ. ಮತ್ತೆ ಎದ್ದೆ.

ಲೈನು ಯಾವಾಗ ಕಟ್ಟಾಗುತ್ತೋ ಹೇಳಲಾಗದು. ತಡವರಿಸಬಾರದು. ಏನು ಹೇಳಬೇಕು ಅಂತ ಬರೆದಿಟ್ಟುಕೊಂಡು ಓದಿಬಿಡುತ್ತೇನೆ, ಅದೇ ಸರಿ.

ಅಣ್ಣಾ, ನಾನು ಈಚೆ ದಡಕ್ಕೆ ಬಂದಿದೀನಿ. — ಬೇಡ, ಇದು ಆಮೇಲೆ.

ಅಣ್ಣಾ, ಹೆದರಿಕೆ ಆಗ್ತಿದೆ, ಆದ್ರೂ — ‘ಆದ್ರೂ’ ಬೇಡ. ಉಪಕಾರ ಮಾಡಿದ ಹಾಗೆ ಕೇಳುತ್ತೆ.

ಎರಡನೇ ಬೂತ್ ಅಂತ ಕೂಗುತ್ತಿದ್ದಾರೆ. ನನಗೇ ಇರಬೇಕು. ಇರಿ ಇರಿ, ಬಂದೆ —

ಅಣ್ಣಾ, ಅಂದು ನೋಡಿದೆ. ಇಲ್ಲ ಅನ್ನೋಕೆ ನಂಗೂ ಬರುತ್ತೆ. ಅದಕ್ಕೇ ಈಗ ಹೇಳ್ತಿರೋದು ನೀನು ಹೇಳಿಸಿದ್ದಲ್ಲ, ನಾನೇ